ನಾಲ್ವರು ಓದಿದ ಪಾಠ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರಿಗೆಲ್ಲ ಅಲ್ಲಿನ ಗಂಗೆಯ ಕೊಳ ಗೊತ್ತು. ಬಯಲುಸೀಮೆಯ ಈ ಭಾಗದ ಜನಕ್ಕೆ ನೀರು ದೇವರೂ ಹೌದು, ದಿನದ ಲೆಕ್ಕವೂ ಹೌದು. ಮಳೆ ಎಷ್ಟು ಬಿತ್ತು, ಕೆರೆಗೆ ಎಷ್ಟು ಬಂತು, ಬೋರು ಎಷ್ಟು ಅಡಿಗೆ ಇಳಿಯಿತು, ಮಾರಿಕಣಿವೆ ಅಣೆಕಟ್ಟಿನಲ್ಲಿ ಎಷ್ಟು ಅಡಿ ನೀರಿದೆ ಎಂಬ ಮಾತು ಕೇಳಿಕೊಂಡೇ ಇಲ್ಲಿನ ಮಕ್ಕಳು ಬೆಳೆಯುತ್ತಾರೆ. ಅದೇ ಮಕ್ಕಳು ಶಾಲೆಯಲ್ಲಿ ನೀರಿನ ಪಾಠ ಮುಗಿಸಿದಾಗ ‘ನೀರಿನ ಮೂಲಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಗೆ ಉತ್ತರ ಬರೆದು ಸುಮ್ಮನಾಗುತ್ತಾರೆ. ಇದಕ್ಕೆ ಶಿಕ್ಷಕರ ಅಸಡ್ಡೆಯೇ ಕಾರಣ ಎನ್ನುವುದು ಸುಲಭ. ಆದರೆ ಅದು ಅನ್ಯಾಯದ ಮಾತು. ತೊಡಕಿರುವುದು ಪಾಠಯೋಜನೆ ಹುಟ್ಟುವ ರೀತಿಯಲ್ಲಿ. ಪಠ್ಯಪುಸ್ತಕದ ಪುಟಗಳನ್ನು ಅವಧಿಗಳಿಗೆ ಹಂಚಿ, ಒಬ್ಬರೇ ಕುಳಿತು ಬರೆದು, ಮೇಲಿನವರ ಸಹಿ ಹಾಕಿಸಿಕೊಂಡರೆ ಯೋಜನೆ ಮುಗಿಯುತ್ತದೆ. ಅದನ್ನು ಇನ್ನೊಬ್ಬ ಶಿಕ್ಷಕರು ಪಾಠವೆಂದು ಓದಿ ಪ್ರಶ್ನಿಸುವ ಸಂದರ್ಭವೇ ಬರುವುದಿಲ್ಲ. ಒಳ್ಳೆಯ ಘಟಕ ಕಲಿಕೆಯ ಗುರಿಯಿಂದ ಹುಟ್ಟಬೇಕು ಮತ್ತು ತರಗತಿಗೆ ಹೋಗುವ ಮುನ್ನ ಸಹೋದ್ಯೋಗಿಗಳ ಓದಿನಲ್ಲಿ ಹದಗೊಳ್ಳಬೇಕು ಎಂಬುದು ಈ ಲೇಖನದ ವಾದ.

ಗುರಿಗಳೇನೋ ನಮ್ಮಲ್ಲಿ ಹೊಸವಲ್ಲ. 1991ರಲ್ಲಿ ‘ಕನಿಷ್ಠ ಕಲಿಕಾ ಮಟ್ಟ’ಗಳು ಬಂದವು, ಪ್ರತಿ ತರಗತಿಯಲ್ಲಿ ಮಗು ಗಳಿಸಬೇಕಾದ ಸಾಮರ್ಥ್ಯಗಳನ್ನು ಅವು ಉದ್ದನೆಯ ಪಟ್ಟಿಯಾಗಿ ಕೊಟ್ಟವು. 2017ರಲ್ಲಿ ಎನ್‌ಸಿಇಆರ್‌ಟಿ ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು ಪ್ರಕಟಿಸಿತು. ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳಿಗೂ ಅದೇ ವರ್ಷ ತಿದ್ದುಪಡಿಯಾಗಿ ಕಲಿಕಾ ಫಲಗಳಿಗೆ ಅವುಗಳಲ್ಲಿ ಸ್ಥಾನ ಸಿಕ್ಕಿತು. ಇಂದು ನಮ್ಮ ಶಿಕ್ಷಕರ ಯೋಜನೆಯ ಪುಸ್ತಕದಲ್ಲಿ ಕಲಿಕಾ ಫಲಕ್ಕೆ ಒಂದು ಕಾಲಂ ಇದ್ದೇ ಇರುತ್ತದೆ. ಆದರೆ ಕಾಲಂ ತುಂಬಿದ ಮಾತ್ರಕ್ಕೆ ಪಾಠ ಗುರಿಯತ್ತ ತಿರುಗುವುದಿಲ್ಲ. ಚಟುವಟಿಕೆಗಳನ್ನು ಮೊದಲು ಆರಿಸಿ, ಅವುಗಳಿಗೆ ಹೊಂದುವ ಫಲವನ್ನು ಆಮೇಲೆ ಪಟ್ಟಿಯಿಂದ ಹೆಕ್ಕಿ ಬರೆದರೆ ಫಲವೆಂಬುದು ಅಲಂಕಾರವಾಗಿ ಉಳಿಯುತ್ತದೆ. ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರ ತಮ್ಮ ಪುಸ್ತಕದಲ್ಲಿ ಈ ಕ್ರಮವನ್ನೇ ತಿರುಗಿಸಿದರು. ಕೊನೆಗೆ ಮಗುವಿಗೆ ಏನು ಅರ್ಥವಾಗಿರಬೇಕು ಎಂಬುದು ಮೊದಲು. ಅರ್ಥವಾಗಿದೆ ಎಂದು ಯಾವ ಕೆಲಸದಿಂದ ತಿಳಿಯುತ್ತದೆ ಎಂಬುದು ಎರಡನೆಯದು. ಚಟುವಟಿಕೆಯ ಸರದಿ ಬರುವುದು ಅದಾದ ಮೇಲೆ.

ಈ ಕ್ರಮವನ್ನು ಚಿತ್ರದುರ್ಗದ ನೆಲದಲ್ಲಿಟ್ಟು ನೋಡೋಣ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾವತಿ ಹೊಸದುರ್ಗ ತಾಲ್ಲೂಕನ್ನು ಹಾದು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನು, ಅಂದರೆ ಜನರ ಬಾಯಲ್ಲಿನ ಮಾರಿಕಣಿವೆಯನ್ನು, ಸೇರುತ್ತದೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣ ಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಏಳನೇ ತರಗತಿಯ ನೀರಿನ ಘಟಕಕ್ಕೆ ‘ಯಾಕೆ ಇಷ್ಟು ವರ್ಷ ಬೇಕಾಯಿತು?’ ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ಉತ್ತರ ಹುಡುಕಹೊರಟರೆ ಮಳೆಯ ಪ್ರಮಾಣ, ನದಿಯ ಮೇಲ್ಭಾಗದ ಕೆರೆಗಳು ಮತ್ತು ಒಡ್ಡುಗಳು, ಅಂತರ್ಜಲ, ಭದ್ರಾದಿಂದ ಹರಿಸಿದ ನೀರು ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ. ವಿಜ್ಞಾನ, ಗಣಿತ, ಸಮಾಜ ವಿಜ್ಞಾನ ಮೂರಕ್ಕೂ ಅಲ್ಲಿ ಕೆಲಸವಿದೆ. ಘಟಕದ ಗುರಿಯನ್ನು ಹೀಗೆ ಬರೆಯಬಹುದು: ಅಂಕಿಅಂಶ ಓದಿ, ಒಂದು ಬದಲಾವಣೆಗೆ ಒಂದಕ್ಕಿಂತ ಹೆಚ್ಚು ಕಾರಣಗಳನ್ನು ಮಗು ಆಧಾರಸಹಿತ ವಿವರಿಸಬೇಕು. ಅದಕ್ಕೆ ಸಾಕ್ಷಿಯಾಗಿ ಮಗು ನೀರಿನ ಮಟ್ಟದ ನಕ್ಷೆಯೊಂದನ್ನು ಬಿಡಿಸಿ, ಅದರಲ್ಲಿ ಕಂಡದ್ದನ್ನು ಒಂದು ಪುಟದಲ್ಲಿ ಬರೆಯಬೇಕು.

ಈಗ ಈ ಘಟಕವನ್ನು ನಾಲ್ವರು ಶಿಕ್ಷಕರು ಕೈಗೆತ್ತಿಕೊಂಡು ಓದುತ್ತಾರೆ ಎಂದುಕೊಳ್ಳಿ. ಮೊದಲ ಕರಡಿನಲ್ಲಿ ಥರ್ಮೋಕೋಲ್ ಅಣೆಕಟ್ಟಿನ ಮಾದರಿಗೆ ಎರಡು ಅವಧಿ ಮೀಸಲಾಗಿದ್ದರೆ ಒಬ್ಬರು ಕೇಳಬೇಕಾದ ಪ್ರಶ್ನೆ ಇದು: ನೀರಿನ ಬಗ್ಗೆ ಏನನ್ನೂ ಕಲಿಯದ ಮಗುವೂ ಈ ಮಾದರಿಯನ್ನು ಅಂದವಾಗಿ ಮಾಡಬಹುದಲ್ಲವೇ? ಮಾಡಬಹುದಾದರೆ ಅದು ಕಲಿಕೆಗೆ ಸಾಕ್ಷಿಯಾಗದು. ಆ ಎರಡು ಅವಧಿಗಳನ್ನು ನಕ್ಷೆ ಓದುವುದಕ್ಕೆ ಕೊಡುವುದು ಮೇಲು. ನಕ್ಷೆ ಬಿಡಿಸಲು ಹೇಳಿದ್ದೀರಿ, ಆದರೆ ಅಕ್ಷದ ಮೇಲೆ ಅಳತೆ ಗುರುತಿಸುವುದನ್ನು ಎಲ್ಲಿ ಕಲಿಸುತ್ತೀರಿ ಎಂದು ಇನ್ನೊಬ್ಬರು ಕೇಳುತ್ತಾರೆ. ಮೂರನೆಯವರ ಕಣ್ಣು ಓದಲು ತಡವರಿಸುವ ಮಗುವಿನ ಮೇಲೆ: ಆ ಮಗು ಅಜ್ಜನನ್ನು ಮಾತನಾಡಿಸಿ ಬಂದು ಬಾಯಲ್ಲಿ ಹೇಳಿದರೆ ಒಪ್ಪುತ್ತೀರಾ? ನಾಲ್ಕನೆಯವರು ಇಸವಿ, ಅಂಕಿ, ಹೆಸರುಗಳನ್ನು ತಾಳೆ ನೋಡುತ್ತಾರೆ. ಇವುಗಳಲ್ಲಿ ಯಾವುದೂ ಬರೆದವರ ಜಾಣತನವನ್ನು ಅಳೆಯುವ ಪ್ರಶ್ನೆಯಲ್ಲ. ಬರೆದವರಿಗೆ ತಮ್ಮ ಮನಸ್ಸಿನಲ್ಲಿರುವುದೆಲ್ಲ ಕಾಗದದ ಮೇಲೂ ಇದೆ ಎನ್ನಿಸುವುದು ಸಹಜ. ಇಲ್ಲದ್ದು ಕಾಣುವುದು ಓದುವವರಿಗೆ. ಜಪಾನಿನ ಶಿಕ್ಷಕರು ನೂರಕ್ಕೂ ಹೆಚ್ಚು ವರ್ಷಗಳಿಂದ ಪಾಠ ಅಧ್ಯಯನ ಎಂಬ ಪದ್ಧತಿಯಲ್ಲಿ ಒಟ್ಟಾಗಿ ಪಾಠ ರೂಪಿಸಿ, ತರಗತಿಯಲ್ಲಿ ನೋಡಿ, ತಿದ್ದುತ್ತ ಬಂದಿರುವುದು ಈ ನಂಬಿಕೆಯಿಂದಲೇ. ಅಲ್ಲಿ ಚರ್ಚೆಗೆ ಬರುವುದು ಎಲ್ಲರೂ ಸೇರಿ ಕಟ್ಟಿದ ಪಾಠ. ಕಲಿಸಿದ ವ್ಯಕ್ತಿ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಬೇಕಾಗಿಲ್ಲ.

ಜಪಾನಿನವರೆಗೆ ಹೋಗಲೇಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಆರಂಭವಾದಾಗ ಋಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಯುನಿಸೆಫ್ ನೆರವಿನಿಂದ ಕಾರ್ಡುಗಳನ್ನು, ಕಲಿಕಾ ಏಣಿಯನ್ನು, ಮೈಲಿಗಲ್ಲುಗಳನ್ನು ಕೂಡಿ ಕಟ್ಟಿದರು. ಏಣಿಯ ಪ್ರತಿ ಮೆಟ್ಟಿಲು ಒಂದು ಸಾಮರ್ಥ್ಯಕ್ಕೆ ಹೊಂದಿಕೊಂಡಿತ್ತು. ಕಾರ್ಡು ಆ ಸಾಮರ್ಥ್ಯಕ್ಕೆ ದಾರಿಯಾಗಿತ್ತು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆಗ ಕಾರ್ಡು ಎಲ್ಲ ಶಾಲೆಗೂ ತಲುಪಬಲ್ಲದಾಗಿತ್ತು, ಆದರೆ ಆ ಕಾರ್ಡನ್ನು ಹುಟ್ಟಿಸಿದ ಚರ್ಚೆಯನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಲಾಗುತ್ತಿರಲಿಲ್ಲ. ಸಿದ್ಧವಾಗಿ ಕೈಸೇರಿದ ಒಳ್ಳೆಯ ಸಾಮಗ್ರಿಯೂ ಅದು ಯಾಕೆ ಹಾಗಿದೆ ಎಂದು ತಿಳಿಯದವರಿಗೆ ಬರೀ ವಿಧಿಯಾಗುತ್ತದೆ. ಒಟ್ಟಾಗಿ ರೂಪಿಸುವ, ಓದುವ ಅಭ್ಯಾಸ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂಬುದನ್ನು ನಲಿ-ಕಲಿಯ ಚರಿತ್ರೆಯೇ ಹೇಳುತ್ತದೆ.

ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ಸಮಯದ್ದು. ಬಿಸಿಯೂಟ, ಆನ್‌ಲೈನ್ ಮಾಹಿತಿ ಭರ್ತಿ, ಸಮೀಕ್ಷೆ, ಚುನಾವಣೆ ಕೆಲಸಗಳ ನಡುವೆ ಇಬ್ಬರು ಶಿಕ್ಷಕರು ಐದು ತರಗತಿ ನಡೆಸುವ ಶಾಲೆಯಲ್ಲಿ ಇದಕ್ಕೆ ಬಿಡುವೆಲ್ಲಿ ಎಂದು ಕೇಳುವವರ ಮಾತು ಸತ್ಯ. ಆದ್ದರಿಂದಲೇ ಇದು ಇರುವ ದಾಖಲೆಗಳ ಮೇಲೆ ಇನ್ನೊಂದು ದಾಖಲೆಯಾಗಿ ಬರಕೂಡದು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಈಗಾಗಲೇ ಇದೆ. ಅಲ್ಲಿ ಸುತ್ತೋಲೆ ಓದಿ ಹೇಳುವ ಹೊತ್ತಿನಲ್ಲಿ ಒಂದು ಗಂಟೆಯನ್ನು ಒಂದೇ ಒಂದು ಘಟಕಕ್ಕೆ ಕೊಟ್ಟರೂ ಸಾಕು. ವರ್ಷಕ್ಕೆ ಏಳೆಂಟು ಘಟಕಗಳು ಹದಗೊಂಡರೆ ಐದು ವರ್ಷದಲ್ಲಿ ಒಂದು ಕ್ಲಸ್ಟರಿನ ಕೈಯಲ್ಲಿ ಮೂವತ್ತೈದರಿಂದ ನಲವತ್ತು ಘಟಕಗಳಿರುತ್ತವೆ. ಇಬ್ಬರೇ ಶಿಕ್ಷಕರಿರುವ ಶಾಲೆಗೇ ಇದರ ಪ್ರಯೋಜನ ಹೆಚ್ಚು, ಏಕೆಂದರೆ ಎಲ್ಲವನ್ನೂ ಒಬ್ಬರೇ ಬರೆಯುವ ಹೊರೆ ಅಲ್ಲಿಯೇ ಅತಿ ಭಾರ. ಎರಡನೆಯ ಆಕ್ಷೇಪ ಗುರಿಗಳ ಬಗ್ಗೆಯೇ ಇದೆ: ಸಾಮರ್ಥ್ಯಗಳ ಪಟ್ಟಿ ಜ್ಞಾನವನ್ನು ಚೂರುಚೂರು ಮಾಡಿ, ಪಾಠವನ್ನು ಟಿಕ್ ಹಾಕುವ ಕೆಲಸವನ್ನಾಗಿಸುತ್ತದೆ ಎಂಬುದು. ಕನಿಷ್ಠ ಕಲಿಕಾ ಮಟ್ಟಗಳ ಕಾಲದಲ್ಲೇ ಕೇಳಿಬಂದ ಈ ಟೀಕೆಯಲ್ಲಿ ಹುರುಳಿತ್ತು. ಆದರೆ ಚೂರಾಗುವುದು ಒಂದು ಫಲಕ್ಕೆ ಒಂದು ಅವಧಿ ಎಂದು ಹಂಚಿದಾಗ. ಮಾರಿಕಣಿವೆಯ ಪ್ರಶ್ನೆಯಂಥ ದೊಡ್ಡ ಪ್ರಶ್ನೆಯ ಸುತ್ತ ಹಲವು ಫಲಗಳನ್ನು ಹೆಣೆದಾಗ ಅದೇ ಪಟ್ಟಿ ಯಾವುದೂ ಬಿಟ್ಟುಹೋಗದಂತೆ ಕಾಯುತ್ತದೆ.

ಮೂರನೆಯದು ಭಯ. ವಿಮರ್ಶೆ ಎಂದೊಡನೆ ತಪಾಸಣೆ ನೆನಪಾಗುತ್ತದೆ, ತಪಾಸಣೆ ಎಂದೊಡನೆ ನೋಟಿಸ್. ಈ ಭಯ ಹೋಗದೆ ಸಹೋದ್ಯೋಗಿಗಳ ಓದು ಪರಸ್ಪರ ಹೊಗಳಿಕೆಯಲ್ಲಿ ಮುಗಿಯುತ್ತದೆ. ಹಾಗಾಗದಿರಲು ಕೆಲವು ಕಟ್ಟುಗಳು ಬೇಕು. ಓದುವವರ ಮಾತು ಯಾರ ಸೇವಾ ದಾಖಲೆಗೂ ಹೋಗಬಾರದು, ಅಂಕ ಕೊಡಬಾರದು. ‘ಚೆನ್ನಾಗಿದೆ’, ‘ಸಾಲದು’ ಎಂಬ ತೀರ್ಪಿನ ಬದಲು ಪುಟದಲ್ಲಿರುವ ಸಾಲನ್ನು ತೋರಿಸಿ ಸಲಹೆ ಹೇಳಬೇಕು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಅಧಿಕಾರಿಯಾಗಿ ಕೂರದೆ ತಮ್ಮದೇ ಒಂದು ಘಟಕವನ್ನು ಮೊದಲು ಮುಂದಿಟ್ಟರೆ ಉಳಿದವರ ಬಾಯಿ ತಾನಾಗಿ ತೆರೆಯುತ್ತದೆ.

ಇಷ್ಟಾದ ಮೇಲೂ ಒಂದೇ ಕ್ಲಸ್ಟರಿನ ಕಣ್ಣಿಗೆ ಬೀಳದ ಕೊರತೆಗಳು ಉಳಿಯುತ್ತವೆ. ವಾಣಿವಿಲಾಸ ಸಾಗರ ತುಂಬಿದರೆ ಹಿರಿಯೂರಿನ ಅಚ್ಚುಕಟ್ಟಿನ ರೈತರಿಗೆ ಸಂಭ್ರಮ. ಹಿನ್ನೀರು ಏರಿ ಜಮೀನು ಮುಳುಗುವ ಹೊಸದುರ್ಗದ ಹಳ್ಳಿಗಳಿಗೆ ಸಂಕಟ. ಹೊಸದುರ್ಗದ ಶಿಕ್ಷಕರು ಬರೆದ ಘಟಕದಲ್ಲಿ ಹಿನ್ನೀರು ದೊಡ್ಡದಾಗಿ, ಅಚ್ಚುಕಟ್ಟು ಚಿಕ್ಕದಾಗಿ ಕಾಣುವುದು ಸಹಜ. ಹಿರಿಯೂರಿನಲ್ಲಿ ಬರೆದರೆ ಇದು ತಿರುಗಾಮುರುಗಾ. ಚಿತ್ರದುರ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಎರಡೂ ತಾಲ್ಲೂಕಿನವರನ್ನು ಒಂದು ಮೇಜಿನ ಸುತ್ತ ಕೂರಿಸಿ ಒಬ್ಬರ ಘಟಕವನ್ನು ಇನ್ನೊಬ್ಬರಿಂದ ಓದಿಸಿದರೆ, ‘ನಮ್ಮ ಊರಿನ ಮಾತು ಇಲ್ಲೆಲ್ಲಿದೆ?’ ಎಂಬ ಪ್ರಶ್ನೆ ತಾನೇ ಏಳುತ್ತದೆ. ಆಗ ಹಾಲುರಾಮೇಶ್ವರದ ಕಡೆಯ ಮಗು ಒಂದು ಪುಟ ಬರೆಯುವಾಗ ಅಣೆಕಟ್ಟು ತುಂಬಿದ್ದು ಯಾಕೆ ಎಂಬುದರ ಜೊತೆಗೆ, ತುಂಬಿದಾಗ ಕೆಳಗಿನ ಊರಿನ ಮಗು ಯಾಕೆ ನಕ್ಕಿತು ಎಂಬುದನ್ನೂ ಬರೆದೀತು.