ಬೇಸಗೆಯ ಹಗಲು ಶಿಬಿರ

ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ನಮಗೆ ರಜೆಯಿಲ್ಲ. ಊರಿಗೆ ಕಳಿಸೋಣವೆಂದರೆ ಕರೆದೊಯ್ಯುವವರಿಲ್ಲ, ರೈಲಿನ ಖರ್ಚೂ ಹಗುರವಲ್ಲ. ಹೀಗೆ ಮುಂಬಯಿಯ ಒಂದೇ ಖೋಲಿಯಲ್ಲಿ ಉಳಿದ ಮಗುವಿಗೆ ಬಯಲಿನ ಹಗಲು ಶಿಬಿರ ಅನುಕೂಲವಾದ ಏರ್ಪಾಡು. ಬೆಳಿಗ್ಗೆ ಹೋಗಿ ಅಂದೇ ಮನೆಗೆ ಮರಳುವುದರಿಂದ, ರಾತ್ರಿ ಹೊರಗುಳಿಸಲು ಒಪ್ಪದ ತಾಯಂದಿರೂ ಹೆಣ್ಣುಮಕ್ಕಳನ್ನು ಕಳಿಸಬಹುದು.

ಇದಕ್ಕೆ ದೂರ ಹೋಗಬೇಕೆಂದಿಲ್ಲ. ಧಾರಾವಿಯ ಪಕ್ಕದಲ್ಲಿ, ಮಿಠಿ ನದಿಯ ದಂಡೆಗೆ, ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ಸುಮಾರು 37 ಎಕರೆ. ಹಿಂದೆ ನಗರದ ಕಸ ಸುರಿಯುತ್ತಿದ್ದ ಈ ನೆಲದಲ್ಲಿ ಗಿಡ ನೆಟ್ಟು ಬೆಳೆಸಿ 1994ರಲ್ಲಿ ಜನರಿಗೆ ತೆರೆದರು. ಮಗುವಿಗೆ ಇದನ್ನು ಮುಂಚೆ ಹೇಳಿಯೇ ಕಳಿಸಬೇಕು; ಆಗ ಮರಗಳನ್ನು ನೋಡುವ ಕಣ್ಣೇ ಬೇರೆ. ಬೇಸಗೆಯಲ್ಲಿ ಹಳದಿ ಹೂಗೊಂಚಲು ಇಳಿಬಿಡುವ ಮರವನ್ನು ಮರಾಠಿಯವರು ಬಹಾವಾ ಎನ್ನುತ್ತಾರೆ. ಅದು ನಮ್ಮ ಕಕ್ಕೆಯೇ! ಮಗು ಆ ಹೆಸರು ಕಲಿತು ಬಂದ ಸಂಜೆ ನಾವು ಈ ಹೆಸರನ್ನೂ ಕಲಿಸಬೇಕು.

ಮುಂಬಯಿಯ ಬಿಸಿಲು ಕಲಬುರ್ಗಿಯಷ್ಟು ಚುರುಕಲ್ಲವೆಂದು ಸದರ ಮಾಡಬಾರದು. ಬೆವರು ಆರಿದರೆ ಮೈ ತಣಿಯುತ್ತದೆ. ಕಡಲಿನ ತೇವದ ಗಾಳಿಯಲ್ಲಿ ಅದು ಬೇಗ ಆರುವುದಿಲ್ಲ. ಆದ್ದರಿಂದ ಓಟದ ಆಟಗಳು ಬೆಳಗಿನಲ್ಲೇ ಮುಗಿಯಲಿ. ಮಧ್ಯಾಹ್ನ ನೆರಳಿನಲ್ಲಿ ಕತೆ, ಚಿತ್ರ ಸಾಕು. ಬಾಯಾರುವ ಮೊದಲೇ ನೀರು ಕುಡಿಸುವರೇ, ಎಷ್ಟು ಮಕ್ಕಳಿಗೆ ಒಬ್ಬ ಹಿರಿಯರು, ಮನೆಗೆ ತಂದು ಬಿಡುವವರು ಯಾರು, ಇವನ್ನು ಹಣ ಕಟ್ಟುವ ಮೊದಲೇ ಕೇಳಿರಿ. ಸಂಕೋಚವೇಕೆ? ತಲೆಸುತ್ತು, ವಾಂತಿ ಕಂಡ ಮಗುವನ್ನು ನೆರಳಿಗೆ ತಂದು, ಮೈಗೆ ತಣ್ಣೀರು ಹಚ್ಚಿ ಗಾಳಿ ಹಾಕಬೇಕು. ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.