ಸ್ನಾನಗೃಹದ ನವೀಕರಣ: ಟೈಲ್ಸ್ ಹಾಸುವ ಮೊದಲು ನಹಾನಿ ಟ್ರ್ಯಾಪಿನ ಪರಿಶೀಲನೆ

ಲಾಡ್ಜು, ಅತಿಥಿಗೃಹ, ಕಲ್ಯಾಣ ಮಂಟಪ ಹಾಗೂ ಸಿಬ್ಬಂದಿ ವಸತಿಗೃಹಗಳನ್ನು ಹೊಂದಿರುವ ಉದ್ಯಮಿಗಳು ಕೆಲವು ವರ್ಷಗಳಿಗೊಮ್ಮೆ ಸ್ನಾನಗೃಹಗಳನ್ನು ನವೀಕರಿಸಬೇಕಾಗುತ್ತದೆ. ಆಗ ಮಾಲೀಕರ ಗಮನವೆಲ್ಲ ಟೈಲ್ಸಿನ ಬಣ್ಣ, ನಲ್ಲಿಗಳ ಹೊಳಪು, ಷವರಿನ ಗಾತ್ರ ಇವುಗಳ ಮೇಲಿರುವುದು ಸಹಜ. ನೆಲದಡಿಯಲ್ಲಿ ಅಡಗಿರುವ ನಹಾನಿ ಟ್ರ್ಯಾಪ್ ಮತ್ತು ಅದರ ಹೊರಕೊಳವೆಯ ನೆನಪಾಗುವುದು ಷವರಿನಡಿ ನೀರು ನಿಂತಾಗ, ಇಲ್ಲವೇ ಕೆಳ ಅಂತಸ್ತಿನ ಛಾವಣಿಯಲ್ಲಿ ತೇವ ಕಾಣಿಸಿಕೊಂಡಾಗ. ಅಷ್ಟರಲ್ಲಿ ಹೊಸ ಟೈಲ್ಸನ್ನು ಒಡೆಯದೆ ಬೇರೆ ದಾರಿ ಉಳಿದಿರುವುದಿಲ್ಲ. ಕೆಲವು ನೂರು ರೂಪಾಯಿಯ ವಸ್ತುವಿಗಾಗಿ ಇಡೀ ನೆಲದ ವೆಚ್ಚವನ್ನು ಎರಡನೆಯ ಸಲ ಭರಿಸಬೇಕು. ಬಾಡಿಗೆಯಿಲ್ಲದೆ ಕೋಣೆ ಮುಚ್ಚಿಡುವ ನಷ್ಟ ಬೇರೆ.

ನಹಾನಿ ಟ್ರ್ಯಾಪ್ ಎಂಬುದು ಜಾಲರಿ ಮುಚ್ಚಿದ ಬರೀ ರಂಧ್ರವಲ್ಲ. ಅದರ ಬಾಗಿದ ಭಾಗದಲ್ಲಿ ಸದಾ ನಿಂತಿರುವ ನೀರು ಚರಂಡಿಯ ಅನಿಲ ಹಾಗೂ ಜಿರಳೆಗಳು ಕೋಣೆಗೆ ಬಾರದಂತೆ ತಡೆಯುತ್ತದೆ. ಈ ನೀರಿನ ತಡೆ ಕನಿಷ್ಠ 50 ಮಿ.ಮೀ. ಆಳವಿರತಕ್ಕದ್ದು. ಮಾರುಕಟ್ಟೆಯಲ್ಲಿ ದೊರೆಯುವ ತೀರ ಗಿಡ್ಡ ಟ್ರ್ಯಾಪುಗಳಲ್ಲಿ ಇಷ್ಟು ಆಳ ಇರುವುದಿಲ್ಲವಾದ್ದರಿಂದ, ಕೊಳ್ಳುವಾಗ ಅಳತೆಪಟ್ಟಿ ಇಟ್ಟು ನೋಡುವುದರಲ್ಲಿ ಸಂಕೋಚ ಬೇಕಿಲ್ಲ.

ನವೀಕರಣದಲ್ಲಿ ಅತಿ ಹೆಚ್ಚಾಗಿ ಸಂಭವಿಸುವ ದೋಷ ಹಳೆಯ ಟೈಲ್ಸಿನ ಮೇಲೆಯೇ ಹೊಸ ಟೈಲ್ಸ್ ಹಾಸುವುದರಿಂದ ಉಂಟಾಗುತ್ತದೆ. ಒಡೆಯುವ ಖರ್ಚು ಮತ್ತು ಧೂಳು ತಪ್ಪುತ್ತದೆ, ನಿಜ. ಆದರೆ ನೆಲ ಸುಮಾರು 20ರಿಂದ 25 ಮಿ.ಮೀ.ಗಳಷ್ಟು ಏರಿ, ಟ್ರ್ಯಾಪಿನ ಬಾಯಿ ಕೆಳಗೇ ಉಳಿಯುತ್ತದೆ. ಈ ಅಂತರವನ್ನು ತುಂಬಲು ಕೆಲಸಗಾರರು ಪಿ.ವಿ.ಸಿ. ಕೊಳವೆಯ ತುಂಡೊಂದನ್ನು ಇಟ್ಟು, ಸುತ್ತ ಸಿಮೆಂಟು ಬಳಿದು, ಮೇಲೆ ಜಾಲರಿ ಕೂರಿಸುತ್ತಾರೆ. ಮೇಲ್ನೋಟಕ್ಕೆ ಎಲ್ಲವೂ ಅಚ್ಚುಕಟ್ಟು. ಆದರೆ ಪಿ.ವಿ.ಸಿ.ಯ ನುಣುಪು ಮೈಗೆ ಸಿಮೆಂಟು ಭದ್ರವಾಗಿ ಹಿಡಿಯುವುದಿಲ್ಲ. ಬಿಸಿನೀರು, ತಣ್ಣೀರು ಬಿದ್ದಂತೆ ಕೊಳವೆ ಹಿಗ್ಗಿ ಕುಗ್ಗಿ, ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಪ್ರತಿ ಸ್ನಾನದ ನೀರಿನಲ್ಲಿ ಸ್ವಲ್ಪ ಭಾಗ ಟ್ರ್ಯಾಪಿಗೆ ಹೋಗದೆ ಅದರ ಹೊರಮೈಗುಂಟ ಇಳಿಯತೊಡಗುತ್ತದೆ. ಹಳೆಯ ಕಟ್ಟಡಗಳಲ್ಲಿ ಸ್ನಾನಗೃಹದ ತಗ್ಗಿಸಿದ ಸ್ಲ್ಯಾಬಿಗೆ ಇಟ್ಟಿಗೆ ಚೂರು ತುಂಬಿರುವುದು ರೂಢಿ. ಆ ಚೂರು ತಿಂಗಳುಗಟ್ಟಲೆ ನೀರು ಹೀರಿಕೊಂಡ ಮೇಲೆಯೇ ಕೆಳಗಿನ ಛಾವಣಿ ತೇವಗೊಳ್ಳುವುದು. ಹೀಗಾಗಿ ಕೊಳಾಯಿ ಒಡೆದಿದೆಯೆಂದು ಗೋಡೆ ಅಗೆಯುವವರೇ ಹೆಚ್ಚು, ದೋಷ ಇರುವುದು ಜಾಲರಿಯ ಕೆಳಗೆ.

ಇದಕ್ಕೆ ಸರಿಯಾದ ಪರಿಹಾರವೆಂದರೆ ಟ್ರ್ಯಾಪಿನ ಸುತ್ತಲಿನ ಒಂದೂವರೆ ಅಡಿ ನೆಲವನ್ನಾದರೂ ಒಡೆದು, ಹೊಸ ಮಟ್ಟಕ್ಕೆ ತಕ್ಕ ಟ್ರ್ಯಾಪ್ ಅಳವಡಿಸಿ, ನೀರುನಿರೋಧಕ ಲೇಪನವನ್ನು ಟ್ರ್ಯಾಪಿನ ಬಾಯಿಯ ಒಳ ಅಂಚಿನವರೆಗೆ ತರುವುದು. ಅದೇ ಲೇಪನ ಗೋಡೆಯ ಮೇಲೂ ಒಂದು ಅಡಿ ಏರಬೇಕು. ಬೀಡುಕಬ್ಬಿಣದ ಹಳೆಯ ಟ್ರ್ಯಾಪ್ ತುಕ್ಕು ಹಿಡಿದಿದ್ದರೆ ಅದನ್ನು ಉಳಿಸಿಕೊಳ್ಳುವುದು ಮಿತವ್ಯಯವಲ್ಲ.

ಎರಡನೆಯದು ವಾಟದ ಪ್ರಶ್ನೆ. ಬಕೆಟ್ಟಿನ ಸ್ನಾನಕ್ಕೆ ಒಂದೆರಡು ಬಕೆಟ್ ನೀರು ಸಾಕಾಗುತ್ತಿತ್ತು. ಅಗಲವಾದ ಮಳೆ ಷವರುಗಳು ನಿಮಿಷಕ್ಕೆ 15 ಲೀಟರಿಗೂ ಹೆಚ್ಚು ನೀರು ಸುರಿಸಬಲ್ಲವು. ಹಳೆಯ ನೆಲದ ಅಲ್ಪ ವಾಟಕ್ಕೆ ಇದು ಹೊರೆ. ನೆಲಕ್ಕೆ 80ಕ್ಕೆ 1ರಷ್ಟಾದರೂ, ಅಡಿಯ ಕೊಳವೆಗೆ 50ಕ್ಕೆ 1ರಷ್ಟು, ಅಂದರೆ ಅಡಿಗೆ ಕಾಲು ಅಂಗುಲದಷ್ಟು ವಾಟ ಅಪೇಕ್ಷಣೀಯ. ಷವರಿನ ಸ್ಥಳ ಬದಲಿಸಿ ಟ್ರ್ಯಾಪನ್ನು ಮಾತ್ರ ಹಳೆಯ ಮೂಲೆಯಲ್ಲೇ ಬಿಟ್ಟಾಗ, ದೊಡ್ಡ ಅಳತೆಯ ಟೈಲ್ಸುಗಳಲ್ಲಿ ಈ ವಾಟ ತರುವುದು ಗಾರೆಯವರಿಗೂ ಕಷ್ಟ. ರಸಮಟ್ಟ ಇಟ್ಟು ನೋಡುವ ಕೆಲಸ ಟೈಲ್ಸ್ ಅಂಟಿಸುವ ಮೊದಲೇ ಆಗಬೇಕು.

ದುರ್ವಾಸನೆಯ ಕಾರಣಗಳು ಬೇರೆ. ಬೇಸಿಗೆಯಲ್ಲಿ ಬಳಸದ ಕೋಣೆಯ ಟ್ರ್ಯಾಪಿನ ನೀರು ಆವಿಯಾಗಿ ಹೋಗುತ್ತದೆ. ವಾರಕ್ಕೊಂದು ಚೊಂಬು ನೀರು ಹಾಕಿದರೆ ಸಾಕು. ಗಾಳಿಕೊಳವೆ ಇಲ್ಲದಿದ್ದರೆ ಮೇಲಂತಸ್ತಿನಲ್ಲಿ ಫ್ಲಶ್ ಮಾಡಿದಾಗ ಉಂಟಾಗುವ ಸೆಳೆತಕ್ಕೆ ಟ್ರ್ಯಾಪಿನ ನೀರು ಎಳೆದುಹೋಗಬಹುದು; ಗುಳುಗುಳು ಶಬ್ದವೇ ಇದರ ಗುರುತು. ಒಂದು ಟ್ರ್ಯಾಪಿನ ನೀರನ್ನು ಇನ್ನೊಂದು ಟ್ರ್ಯಾಪಿನ ಮೂಲಕ ಹಾಯಿಸಿದರೆ ನಡುವೆ ಗಾಳಿ ಸಿಕ್ಕಿಕೊಂಡು ಹರಿವು ನಿಧಾನವಾಗುತ್ತದೆ. ಇಂತಹ ಸಂದರ್ಭಗಳಲ್ಲಿ ಆಸಿಡ್ ಸುರಿಯುವುದು ವ್ಯರ್ಥ ಮಾತ್ರವಲ್ಲ, ಟೈಲ್ಸಿನ ಸಂದುಗಳ ಸಿಮೆಂಟನ್ನೂ ಅದು ತಿನ್ನುತ್ತದೆ.

ಹಾರ್ಡ್‌ವೇರ್ ವರ್ತಕರು ಗಮನಿಸಬೇಕಾದ ಅಂಶವೊಂದಿದೆ. ಕಟ್ಟಡದೊಳಗಿನ ತ್ಯಾಜ್ಯನೀರಿನ ಯು.ಪಿ.ವಿ.ಸಿ. ಕೊಳವೆಗಳಿಗೆ ಅನ್ವಯಿಸುವ ಮಾನಕ ಐ.ಎಸ್. 13592. ಇದರಲ್ಲಿ 'ಎ' ಮಾದರಿ ಗಾಳಿಕೊಳವೆ ಹಾಗೂ ಮಳೆನೀರಿಗೆ. ದಪ್ಪ ಗೋಡೆಯ 'ಬಿ' ಮಾದರಿ ಮಲ ಮತ್ತು ಬಚ್ಚಲು ನೀರಿಗೆ. ಬೆಲೆ ಕಡಿಮೆಯೆಂದು 'ಎ' ಮಾದರಿಯನ್ನೇ ಬಚ್ಚಲಿಗೂ ಕೊಡುವುದು ಗ್ರಾಹಕರನ್ನು ಕಳೆದುಕೊಳ್ಳುವ ಮಾರ್ಗ.

ಗುತ್ತಿಗೆ ಪತ್ರದಲ್ಲಿ ನೀರು ನಿಲ್ಲಿಸುವ ಪರೀಕ್ಷೆಯ ಷರತ್ತು ಸೇರಿಸುವುದು ಒಳ್ಳೆಯದು. ಲೇಪನ ಒಣಗಿದ ನಂತರ, ಟೈಲ್ಸಿಗೆ ಮೊದಲು, ಟ್ರ್ಯಾಪಿನ ಹೊರಕೊಳವೆಯನ್ನು ಮುಚ್ಚಿ ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟದ ಗುರುತು ಹಾಕಿ, 24ರಿಂದ 48 ಗಂಟೆಗಳ ಬಳಿಕ ಮಟ್ಟವನ್ನೂ ಕೆಳಗಿನ ಛಾವಣಿಯನ್ನೂ ಪರಿಶೀಲಿಸಬೇಕು. ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಗೆ ಜೋಡಿಸಿ, ಕೊಳವೆಗಳು ಮುಚ್ಚಿಹೋಗುವ ಮುನ್ನ ಅವುಗಳ ಛಾಯಾಚಿತ್ರವನ್ನು ಕೋಣೆಯ ಸಂಖ್ಯೆ ಸಹಿತ ಕಡತದಲ್ಲಿಟ್ಟರೆ ಮುಂದಿನ ದುರಸ್ತಿಯಲ್ಲಿ ಎಲ್ಲಿ ಅಗೆಯಬೇಕೆಂಬುದು ತಿಳಿದಿರುತ್ತದೆ.