ಗಡಿಯಾರ ಕಳೆದುಕೊಂಡ ಮಕ್ಕಳು

ಕೊರೊನಾಕ್ಕೆ ದೇಶದಲ್ಲಿ ಮೊದಲು ಬಲಿಯಾದವರು ಕಲಬುರಗಿಯ 76 ವರ್ಷದ ಹಿರಿಯರು. 2020ರ ಮಾರ್ಚ್ 10ರಂದು ಅವರು ತೀರಿಕೊಂಡರು, 12ರಂದು ಸೋಂಕು ಖಚಿತವಾಯಿತು. ಲಾಕ್‌ಡೌನ್ ಬಂದದ್ದು 25ರಂದು. ಅಂದರೆ ಉಳಿದ ಊರುಗಳು ಟಿವಿಯಲ್ಲಿ ನೋಡುತ್ತಿದ್ದ ಭಯ ಈ ಊರಿನ ಮನೆಗಳೊಳಗೆ ಎರಡು ವಾರ ಮೊದಲೇ ಬಂದು ಕೂತಿತ್ತು. ಜಗತ್ ಸರ್ಕಲ್ ಸುತ್ತಲಿನ ಓಣಿಗಳ ಪಿಯುಸಿ ಮಕ್ಕಳು ಆಗ ಪರೀಕ್ಷೆಯ ನಡುವೆ ಇದ್ದರು. ಮಾರ್ಚ್ 23ರ ಇಂಗ್ಲಿಷ್ ಪತ್ರಿಕೆ ಮುಂದಕ್ಕೆ ಹೋಗಿ ಕೊನೆಗೆ ನಡೆದದ್ದು ಜೂನ್ 18ಕ್ಕೆ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಜೂನ್ 25ಕ್ಕೆ ಹೋಯಿತು. ಹೆಚ್ಚುಕಡಿಮೆ ಮೂರು ತಿಂಗಳು ಆ ಮಕ್ಕಳು ಪುಸ್ತಕ ಮುಚ್ಚಿಡುವಂತಿರಲಿಲ್ಲ, ತೆರೆದರೆ ಅಕ್ಷರ ತಲೆಗೆ ಇಳಿಯುತ್ತಿರಲಿಲ್ಲ.

ಆ ಮೂರು ತಿಂಗಳನ್ನು ಮೊದಲು ನೆನೆಯಲು ಕಾರಣವಿದೆ. ಸಾಂಕ್ರಾಮಿಕ ರೋಗ ಹರೆಯದ ಮನಸ್ಸನ್ನು ಹೇಗೆ ಕೆಡಿಸುತ್ತದೆ ಎಂದು ಕೇಳಿದರೆ ಎಲ್ಲರೂ ಸಾವಿನ ಭಯ ಎನ್ನುತ್ತಾರೆ. ಭಯ ಇತ್ತು, ನಿಜ. ಆದರೆ ದಿನಕ್ಕೆ ಇದ್ದ ಕಟ್ಟು ಬಿಚ್ಚಿಹೋದದ್ದು ಅಷ್ಟೇ ದೊಡ್ಡ ಪೆಟ್ಟು ಎಂಬುದು ನನ್ನ ನಂಬಿಕೆ.

ದೇಹದಲ್ಲಿ ಆಗುವುದು ಇದು. ಹರೆಯಕ್ಕೆ ಬಂದ ಮೇಲೆ ನಿದ್ರೆಗೆ ಸಜ್ಜು ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ಒಂದೆರಡು ತಾಸು ತಡವಾಗಿ ಏರುತ್ತದೆ. ಮಕ್ಕಳ ಒಳಗಿನ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ಬೆಳಗಿನ ಬಿಸಿಲು, ಶಾಲೆಯ ಗಂಟೆ, ಬಸ್ಸಿನ ಹೊತ್ತು, ಬಾಗಿಲಲ್ಲಿ ನಿಂತು ಕೂಗುವ ಗೆಳೆಯ, ಇವೆಲ್ಲ ಸೇರಿ ಅದನ್ನು ದಿನಾ ಸರಿಪಡಿಸುತ್ತಿರುತ್ತವೆ. ಶಾಲೆ ಮುಚ್ಚಿದ ದಿನ ಈ ನಾಲ್ಕೂ ಒಟ್ಟಿಗೆ ನಿಂತವು. ಬೆಳಗಿನ ಜಾವ ಮೂರಕ್ಕೆ ಮಲಗಿ ಹನ್ನೊಂದಕ್ಕೆ ಏಳುವ ಹುಡುಗನಿಗೆ ಮನೆಯವರು ಸೋಮಾರಿ ಎಂದರು. ಬೈಗುಳಕ್ಕೆ ಅವನು ಕೋಣೆಯ ಬಾಗಿಲು ಹಾಕಿಕೊಂಡ. ಒಳಗೆ ಜೊತೆಗಿದ್ದದ್ದು ಮೊಬೈಲು, ಅದರ ಬೆಳಕಿಗೆ ನಿದ್ರೆ ಇನ್ನೂ ದೂರ ಸರಿಯಿತು. ನಿದ್ರೆಗೆಟ್ಟವನಿಗೆ ಮಾತು ಬೇಡವಾಯಿತು, ಗೆಳೆಯರ ಕರೆ ಎತ್ತುವುದೂ ಭಾರವಾಯಿತು. ಮನಸ್ಸು ಕುಗ್ಗಿತೆಂದು ಸುಮ್ಮನೆ ಕೂತ, ಸುಮ್ಮನೆ ಕೂತದ್ದರಿಂದ ಮನಸ್ಸು ಮತ್ತೆ ಕುಗ್ಗಿತು.

ಇದನ್ನು ಬಿಡಿಸುವುದಕ್ಕೆ ಹಿಡಿಯಬೇಕಾದ ತುದಿ ಬೆಳಗ್ಗೆ ಏಳುವ ಹೊತ್ತು. ರಾತ್ರಿ ಬೇಗ ಮಲಗು ಎಂದರೆ ಆಗದು, ನಿದ್ರೆ ಹೇಳಿದಾಗ ಬರುವುದಲ್ಲ. ಏಳುವ ಹೊತ್ತನ್ನು ದಿನಕ್ಕೆ ಕಾಲು ತಾಸಿನಂತೆ ಬೇಗ ಮಾಡುತ್ತ ಬಂದು, ಎದ್ದ ಕೂಡಲೇ ಮಾಳಿಗೆಯ ಮೇಲೋ ಅಂಗಳದಲ್ಲೋ ಅರ್ಧ ತಾಸು ಬೆಳಕಿಗೆ ನಿಲ್ಲಿಸಿದರೆ ಕೆಲವು ದಿನಗಳಲ್ಲಿ ರಾತ್ರಿಯ ನಿದ್ರೆ ತಾನಾಗಿ ಈಚೆ ಸರಿಯುತ್ತದೆ. ಜೊತೆಗೆ ದಿನಕ್ಕೊಂದು ಸಣ್ಣ ಕೆಲಸ ಅವರ ಪಾಲಿಗೆ ಬಿಡಿ, ಗಿಡಕ್ಕೆ ನೀರು ಹಾಕುವುದಾದರೂ ಸರಿ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯಬಾರದು. ಕುಗ್ಗಿದ ಮನಸ್ಸಿನಲ್ಲಿ ಕೆಲಸ ಮೊದಲು, ಹುಮ್ಮಸ್ಸು ಆಮೇಲೆ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆ ಇದೇ ನೋವು ಬೇರೆ ವೇಷದಲ್ಲಿ ಬಂತು. ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಳ್ಳಲು ಮಕ್ಕಳಿಗೆ ಬೇರೆ ಕೋಣೆಯೇ ಇರುವುದಿಲ್ಲ. ಇರುವ ಒಂದು ಮೊಬೈಲನ್ನು ಅಪ್ಪ ಹೊಲಕ್ಕೆ ಒಯ್ದರೆ ಆನ್‌ಲೈನ್ ತರಗತಿ ಅಲ್ಲಿಗೆ ಮುಗಿಯಿತು. ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋದವರು ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದರು. ಓದುತ್ತಿದ್ದವರು ಕೂಲಿಗೆ ಹೊರಟರು, ಹುಡುಗಿಯರ ಮದುವೆಯ ಮಾತು ಎದ್ದಿತು. ಇಂಥ ಕಡೆ ಮಗು ‘ನನಗೆ ಬೇಸರವಾಗಿದೆ’ ಎನ್ನುವುದಿಲ್ಲ. ತೆಲಿ ನೋವು ಅನ್ನುತ್ತದೆ, ಹೊಟ್ಟಿ ನೋವು, ಕೈಕಾಲು ಸೋತಾವ ಅನ್ನುತ್ತದೆ. ಮನೆಯವರು ‘ಗಾಳಿ ಸೋಕ್ಯಾದ’ ಎಂದು ಗುಡಿಗೋ ದರ್ಗಾಕ್ಕೋ ಕರೆದೊಯ್ಯುತ್ತಾರೆ. ಹೋಗಲಿ, ಅಲ್ಲಿ ಸಿಗುವ ಸಮಾಧಾನವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಆ ವಾರವೇ ಡಾಕ್ಟರ ಬಳಿಗೂ ಹೋಗಬೇಕು.

2020ರ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರುಮಾಡಿತು. ಮೇಷ್ಟ್ರುಗಳು ಊರೂರಿಗೆ ಹೋಗಿ ಮರದ ನೆರಳಲ್ಲಿ, ಗುಡಿಯ ಅಂಗಳದಲ್ಲಿ ಮಕ್ಕಳನ್ನು ಕೂಡಿಸಿಕೊಂಡರು. ಸೋಂಕು ಹರಡುವ ಅಂಜಿಕೆಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಪಾಠ ಎಷ್ಟು ಆಯಿತೋ ಏನೋ, ಆದರೆ ಹೊರಗಿನ ಒಬ್ಬ ದೊಡ್ಡವರು ಮಗುವಿನ ಮುಖ ನೋಡಿ ಮಾತಾಡಿಸುವ ವ್ಯವಸ್ಥೆ ಅದಾಗಿತ್ತು. ಮತ್ತೆ ಇಂಥ ಕಾಲ ಬಂದರೆ ಮೊದಲು ಉಳಿಸಿಕೊಳ್ಳಬೇಕಾದದ್ದು ಇದನ್ನೇ.

ಎರಡನೇ ಅಲೆಯಲ್ಲಿ, 2021ರ ಬೇಸಿಗೆಯಲ್ಲಿ, ಇನ್ನೊಂದು ತೊಡಕು ಕಂಡಿತು. ಉಸಿರು ಸಿಗುತ್ತಿಲ್ಲ ಎನ್ನುವ ಹುಡುಗಿಗೆ ಸೋಂಕೋ, ಗಾಬರಿಯೋ? ಗಾಬರಿ ಹತ್ತಿದಾಗ ಉಸಿರಾಟದ ವೇಗ ಏರುತ್ತದೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಅದರಿಂದ ಬೆರಳ ತುದಿ, ತುಟಿ ಜುಮುಗುಡುತ್ತವೆ, ತಲೆ ತಿರುಗುತ್ತದೆ, ಎದೆ ಬಿಗಿಯುತ್ತದೆ. ಈ ಲಕ್ಷಣಗಳನ್ನೇ ಸಾವಿನ ಸೂಚನೆ ಎಂದುಕೊಂಡ ಮಗು ಇನ್ನೂ ಜೋರಾಗಿ ಉಸಿರೆಳೆಯುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಗಾಬರಿ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಪಕ್ಕದಲ್ಲಿ ಕೂತು, ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡುವುದನ್ನು ನೀವೇ ಮಾಡುತ್ತ ಮಗುವಿನಿಂದ ಮಾಡಿಸಿ. ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಹಚ್ಚಿ ನೋಡಿ, ಬರೀ ಗಾಬರಿಯಾದರೆ ಅಂಕಿ ಇಳಿಯುವುದಿಲ್ಲ. 94ಕ್ಕಿಂತ ಕೆಳಗೆ ಬಂದರೆ, ಜ್ವರ ಕೆಮ್ಮು ಇದ್ದರೆ, ಅಥವಾ ಇಂಥದ್ದು ಮೊದಲ ಸಲ ಆಗುತ್ತಿದ್ದರೆ ಮನೆಯಲ್ಲೇ ತೀರ್ಮಾನಿಸದೆ ಆಸ್ಪತ್ರೆಗೆ ನಡೆಯಿರಿ.

ಅದೇ ಬೇಸಿಗೆಯಲ್ಲಿ ಅಜ್ಜನನ್ನೋ ಅವ್ವನನ್ನೋ ಕಳೆದುಕೊಂಡ ಮಕ್ಕಳಲ್ಲಿ ಎಷ್ಟೋ ಮಂದಿ ಮುಖ ನೋಡಲಿಲ್ಲ, ಮಣ್ಣು ಹಾಕಲಿಲ್ಲ, ಕೂಡಿ ಅಳಲಿಲ್ಲ. ಅಂಥ ದುಃಖ ಒಳಗೇ ನಿಂತುಬಿಡುತ್ತದೆ. ತಡವಾಗಿಯಾದರೂ ಮನೆಮಂದಿ ಕೂತು ಸತ್ತವರ ಹೆಸರು ಹೇಳಿ, ಫೋಟೊ ನೋಡಿ, ಅವರಿಗೆ ಇಷ್ಟದ ಅಡುಗೆ ಮಾಡಿ ಅತ್ತರೆ ಅದಕ್ಕೆ ದಾರಿ ಸಿಗುತ್ತದೆ.

ಮಗುವಿನ ಮನಸ್ಸಿನಲ್ಲಿ ಇರುವುದನ್ನು ಕೇಳುವುದು ಹೇಗೆ? 2021ರಲ್ಲಿ ಯುನಿಸೆಫ್ 21 ದೇಶಗಳ ಯುವಜನರ ಸಮೀಕ್ಷೆ ಪ್ರಕಟಿಸಿತು. ಮನಸ್ಸಿನ ತೊಂದರೆಗೆ ಬೇರೆಯವರ ನೆರವು ಪಡೆಯುವುದು ಒಳ್ಳೆಯದು ಎಂದವರು ಆ ದೇಶಗಳಲ್ಲಿ ಸರಾಸರಿ ಶೇ 83, ಭಾರತದ 15ರಿಂದ 24 ವಯಸ್ಸಿನವರಲ್ಲಿ ಶೇ 41. ಹೀಗಿರುವಾಗ ‘ಏನ್ ಆಗ್ಯಾದ ನಿನಗ? ಉಣ್ಣಾಕ ಉಡಾಕ ಏನ್ ಕಮ್ಮಿ ಮಾಡೀವಿ?’ ಎಂದರೆ ಮಗು ಬಾಯಿ ಬಿಡುವುದಿಲ್ಲ. ಕಂಡದ್ದನ್ನಷ್ಟೇ ಹೇಳಿ: ‘ತಮ್ಮಾ, ಹದಿನೈದ್ ದಿನದಿಂದ ನೋಡಾಕತ್ತೀನಿ. ನೀ ಸರಿಯಾಗಿ ಉಣ್ಣವಲ್ಲಿ, ರಾತ್ರಿ ಮಲಗವಲ್ಲಿ. ನನಗ ಚಿಂತಿ ಆಗ್ಯಾದ.’ ಹೇಳಿ ಸುಮ್ಮನಿರಿ. ಎದುರುಬದುರು ಕೂಡಿಸಿಕೊಂಡು ವಿಚಾರಣೆ ಮಾಡುವುದಕ್ಕಿಂತ ಹಸಿ ತೊಗರಿಕಾಯಿ ಸುಲಿಯುತ್ತ, ಗಾಡಿಯ ಹಿಂದೆ ಕೂಡಿಸಿಕೊಂಡು ಹೋಗುತ್ತ ಕೇಳಿದರೆ ಮಾತು ಬೇಗ ಹೊರಬರುತ್ತದೆ. ಬಂದ ಉತ್ತರಕ್ಕೆ ತಕ್ಷಣ ಬುದ್ಧಿ ಹೇಳಬೇಡಿ.

‘ನಾ ಇದ್ದು ಏನ್ ಮಾಡಬೇಕು’ ಎನ್ನುವ ಮಾತು ಕಿವಿಗೆ ಬಿದ್ದರೆ ನೇರವಾಗಿ ಕೇಳಿ, ಸಾಯುವ ವಿಚಾರ ಬರುತ್ತಿದೆಯಾ ಎಂದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಬೇಡ, ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ತಂದ ಎಣ್ಣಿಯನ್ನು (ಕೀಟನಾಶಕವನ್ನು), ಮನೆಯಲ್ಲಿರುವ ಮಾತ್ರೆಗಳನ್ನು ಅಂದೇ ಬೀಗದೊಳಗೆ ಇಡಿ, ಇಲ್ಲವೇ ಬೇರೆಯವರ ಮನೆಗೆ ಸಾಗಿಸಿ. ಆ ಯೋಚನೆಯ ತೀವ್ರತೆ ಹೆಚ್ಚಾಗಿ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ.

ಎರಡು ವಾರ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದು, ಊಟ ನಿದ್ರೆ ಓದು ಕೆಟ್ಟರೆ ಡಾಕ್ಟರನ್ನು ಕಾಣಬೇಕು. ಸಾಯುವ ಮಾತು ಬಂದಿದ್ದರೆ ಎರಡು ವಾರ ಕಾಯುವಂತಿಲ್ಲ, ಅಂದೇ ಹೋಗಬೇಕು. ಕಲಬುರಗಿ ನಗರದವರಿಗೆ ಜಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಕಮಲಾಪುರದ ಕಡೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ಹರೆಯದವರ ಸ್ನೇಹಾ ಕ್ಲಿನಿಕ್ ಬಗ್ಗೆ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮದ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಬಹುದು. ಮಾನಸಿಕ ಚಿಕಿತ್ಸೆಯನ್ನು ಊರ ಆಸ್ಪತ್ರೆಗೆ ತರುವ ಈ ದಾರಿಯನ್ನು ದೇಶಕ್ಕೆ ತೋರಿಸಿದ್ದು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಡಾಕ್ಟರ ಬಳಿ ಹೋದೊಡನೆ ಗುಳಿಗೆ ಎಂದಲ್ಲ, ಎಷ್ಟೋ ಮಕ್ಕಳಿಗೆ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ. ಖಿನ್ನತೆಗೆ ಗುಳಿಗೆ ಬರೆದರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವುದು, ಹಗುರಾದ ಕೂಡಲೇ ತಾವೇ ನಿಲ್ಲಿಸುವುದು ಎರಡೂ ತಪ್ಪು. ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಅಳುಕಿದ್ದರೆ, ರೋಗಿಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಟ್ಟಳೆ.

ಆಸ್ಪತ್ರೆಯ ಮೆಟ್ಟಿಲೇರಲು ಇನ್ನೂ ಕಾಲು ಬಾರದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ ಇದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಮಾತಾಡಿ, ಬೇಕೆನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಮಕ್ಕಳೇ ಮಾಡಬಹುದು, ಅವರ ಪರವಾಗಿ ಅವ್ವ, ಅಪ್ಪ, ಕಾಕಾ, ಮೇಷ್ಟ್ರು ಯಾರಾದರೂ ಮಾಡಬಹುದು. ಏನು ಹೇಳಬೇಕೆಂದು ತೋಚದಿದ್ದರೆ ‘ನನ್ ಮಗಳು ಹದಿನೈದ್ ದಿನದಿಂದ ನಿದ್ದಿ ಮಾಡಿಲ್ರಿ’ ಎಂದರೆ ಸಾಕು. ಮುಂದಿನದನ್ನು ಅವರೇ ಕೇಳುತ್ತಾರೆ.